ಪದಚರ್ಚೆ: ಡಿಮೆನ್ಷಿಯಾ ‘ಯಾವಾಗ ಹೇಳಬೇಕು?’ – ಬೇಗ, ಮೊದಲೇ, ಸಕಾಲ

ಬಳಗದವರಿಗೆ ನಮಸ್ಕಾರ.

ಅರವತ್ತು ದಾಟಿದವರಿಗಾಗಿ ಮಾಡಿದ ಒಂದು ಪ್ರಶ್ನಾವಳಿ ಕನ್ನಡಕ್ಕೆ ಬರಬೇಕಿದೆ. ಡಿಮೆನ್ಷಿಯಾ ಇದೆಯೆಂದಾದರೆ ಆ ಸಂಗತಿ ಯಾವ ಹಂತದಲ್ಲಿ ತಮ್ಮ ಕಿವಿಗೆ ಬೀಳಬೇಕು ಎಂದು ಅವರು ಬಯಸುತ್ತಾರೆ ಎನ್ನುವುದೇ ಅದರ ತಿರುಳು. ಮೂಲದಲ್ಲಿ ‘ಅರ್ಲಿ’, ‘ಟೈಮ್ಲಿ’ ಎರಡೂ ಇವೆ, ಅರ್ಥ ಬೇರೆ ಬೇರೆ. ಕರಡಿನಲ್ಲಿ ಎರಡಕ್ಕೂ ‘ಶೀಘ್ರ ರೋಗನಿದಾನ’ ಎಂದೇ ಬಿದ್ದಿದೆ. ಇದನ್ನು ಬಿಡಿಸುವುದು ಹೇಗೆ? ಡಿಮೆನ್ಷಿಯಾಕ್ಕೆ ‘ಮರೆಗುಳಿತನ’ ನಡೆಯುತ್ತದೆಯೇ? ‘ನಿಮಗೆ ಯಾವಾಗ ಹೇಳಬೇಕು?’ ಎಂಬ ವಾಕ್ಯ ಸರಿಯೇ?

*

ಮೊದಲು ‘ನಿದಾನ’ವನ್ನು ತೆಗೆಯಿರಿ. ಶಾಸ್ತ್ರದಲ್ಲಿ ಅದು ಸರಿಯಾದ ಪದವೇ. ‘ಮಾಧವನಿದಾನ’ ಎಂಬ ಆಯುರ್ವೇದ ಗ್ರಂಥದ ಹೆಸರಿನಲ್ಲಿ ಇರುವುದೂ ಅದೇ. ಆದರೆ ಇಂಥ ಪ್ರಶ್ನಾವಳಿಯನ್ನು ಹಿರಿಯರಿಗೆ ಸಾಮಾನ್ಯವಾಗಿ ಓದಿ ಹೇಳುತ್ತಾರೆ. ಓದುವಾಗ ದ, ಧ ಬೇರೆಯಾಗಿ ಉಳಿಯುವುದಿಲ್ಲ. ‘ಶೀಘ್ರ ನಿದಾನ’ ಎಂದರೆ ಕೇಳಿದವರಿಗೆ ‘ಬೇಗ ನಿಧಾನ’!

‘ಪತ್ತೆ’ ಸಾಕು. ಅದರಲ್ಲೂ ಒಂದು ಎಚ್ಚರಿಕೆ: ಪತ್ತೆಯಾಗುವುದು ಬೇರೆ, ತಿಳಿಸುವುದು ಬೇರೆ. ವೈದ್ಯರು ಪತ್ತೆ ಮಾಡಿ ಮಗನನ್ನು ಹೊರಗೆ ಕರೆದು ಹೇಳಿದರೆ ಪತ್ತೆಯಾಯಿತು, ತಿಳಿಸಿದ್ದಾಗಲಿಲ್ಲ. ನಿಮ್ಮ ಪ್ರಶ್ನಾವಳಿ ಕೇಳುವುದು ಎರಡನೆಯದನ್ನು. ಆದ್ದರಿಂದ ಎರಡು ಕ್ರಿಯಾಪದಗಳನ್ನು ಕೊನೆಯವರೆಗೂ ಬೆರೆಸಬೇಡಿ.

‘ಅರ್ಲಿ’ ರೋಗದ ಕಾಲವನ್ನು ಹೇಳುತ್ತದೆ, ‘ಟೈಮ್ಲಿ’ ಮನುಷ್ಯನ ಕಾಲವನ್ನು. ಮೊದಲನೆಯದಕ್ಕೆ ‘ಬೇಗ’ ಎಂದರೆ ಪರೀಕ್ಷೆಯ ವರದಿ ಬೇಗ ಬರಬೇಕೆಂಬ ಅರ್ಥ ಹುಟ್ಟುತ್ತದೆ. ‘ಮೊದಲೇ’ ಎಂದರೆ ಕಾಯಿಲೆ ಬರುವುದಕ್ಕೂ ಮೊದಲೇ ಎಂದುಕೊಳ್ಳುತ್ತಾರೆ. ‘ಆರಂಭದಲ್ಲೇ’ ಎಂದು ಹಾಕಿ. ಎರಡನೆಯದಕ್ಕೆ ನಿಘಂಟು ಕೊಡುವುದು ‘ಸಕಾಲಿಕ’. ಆದರೆ ಕರ್ನಾಟಕದಲ್ಲಿ 2011ರ ಕಾಯ್ದೆಯ ನಂತರ ‘ಸಕಾಲ’ ಎಂದರೆ ತಾಲ್ಲೂಕು ಕಚೇರಿಯ ಅರ್ಜಿ ನೆನಪಾಗುತ್ತದೆ. ಅಲ್ಲಿ ಗಡುವು ಸರ್ಕಾರದ್ದು. ಇಲ್ಲಿ ಗಡುವು ಇಡುವವರು ಕಾಯಿಲೆಯವರೇ. ‘ಹೊತ್ತಿಗೆ ಸರಿಯಾಗಿ’ ಎಂದರೂ ಬಸ್ಸಿನ ಮಾತಾಗುತ್ತದೆ. ‘ತಮಗೆ ಬೇಕಾದ ಹೊತ್ತಿಗೆ’ ಎನ್ನುವುದೇ ವಾಸಿ.

ಆ ಹೊತ್ತಿಗೂ ಒಂದು ಕೊನೆಯಿದೆ. ಉಯಿಲಿನಲ್ಲಿ ‘ಸ್ವಸ್ಥಚಿತ್ತದಿಂದ’ ಎಂದು ಬರೆಯುತ್ತಾರಲ್ಲ, ಆ ಸ್ಥಿತಿ ಇರುವಾಗಲೇ ತಿಳಿದರೆ ಮಾತ್ರ ಸಹಿಗೆ ಬೆಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮುಂಗಡ ನಿರ್ದೇಶನಕ್ಕೂ (ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡುವುದು) ನಿರ್ಧರಿಸುವ ಶಕ್ತಿ ಉಳಿದಿರಬೇಕು. ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಮಾಡಿಟ್ಟಿದ್ದೇವೆ ಎನ್ನುವವರೂ ಉಂಟು. ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ಹೋದರೆ ನಮ್ಮ ಕರಾರು ಕಾಯ್ದೆಯಂತೆ ಅದೂ ಬಿದ್ದುಹೋಗುತ್ತದೆ. ಈ ಮಾಹಿತಿಯನ್ನು ಪ್ರಶ್ನೆಗೆ ಮುಂಚೆ ಹೇಳುತ್ತೀರೋ ಆಮೇಲೆ ಹೇಳುತ್ತೀರೋ ನೋಡಿಕೊಳ್ಳಿ, ಉತ್ತರ ಬದಲಾಗಬಹುದು.

ಹಂತಗಳಿಗೆ ‘ಸೌಮ್ಯ, ಮಧ್ಯಮ, ತೀವ್ರ’ ಬೇಡ. ಸೌಮ್ಯ ಎನ್ನುವುದು ಸ್ವಭಾವಕ್ಕೆ ಹೇಳುವ ಮಾತು. ‘ಸೌಮ್ಯ ಡಿಮೆನ್ಷಿಯಾ’ ಎಂದರೆ ಸಾಧು ಕಾಯಿಲೆ ಅನ್ನಿಸುತ್ತದೆ. ದಿನದ ಕೆಲಸದಿಂದ ಹೇಳಿ: ತೊಂದರೆ ಏನೂ ಇಲ್ಲ, ಪರೀಕ್ಷೆಯಲ್ಲಿ ಮಾತ್ರ ಸೂಚನೆ ಕಂಡಿದೆ; ಮರೆವು ಹೆಚ್ಚಿದೆ, ಕೆಲಸಕಾರ್ಯ ನಡೆಯುತ್ತಿದೆ; ಹಣದ ಲೆಕ್ಕ, ಮಾತ್ರೆ, ಗೊತ್ತಿದ್ದ ದಾರಿ ತಪ್ಪುತ್ತಿದೆ; ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳಲು ಇನ್ನೊಬ್ಬರು ಬೇಕು. ಮೊದಲ ಎರಡನ್ನು ಡಿಮೆನ್ಷಿಯಾ ಎಂದು ಕರೆಯುವಂತಿಲ್ಲ; ಎರಡನೆಯ ಹಂತದಲ್ಲಿರುವ ಎಲ್ಲರಿಗೂ ಅದು ಬರುವುದೂ ಇಲ್ಲ. ಬಿ12 ಕೊರತೆ, ಥೈರಾಯಿಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇದನ್ನು ಆಯ್ಕೆಯ ವಾಕ್ಯದಲ್ಲೇ ಸ್ಪಷ್ಟ ಮಾಡಬೇಕು.

ಇನ್ನು ‘ಯಾವಾಗ ಹೇಳಬೇಕು’. ನಮ್ಮ ‘ಬೇಕು’ ಕರ್ತವ್ಯಕ್ಕೂ ಇಷ್ಟಕ್ಕೂ ಒಂದೇ. ಕೇಳಿದವರು ‘ಡಾಕ್ಟರು ಹೇಳಲೇಬೇಕಲ್ಲ’ ಎಂದು ಡಾಕ್ಟರ ಧರ್ಮವನ್ನು ಹೇಳಿಬಿಡುತ್ತಾರೆ, ತಮ್ಮ ಇಷ್ಟವನ್ನಲ್ಲ. ಜತೆಗೆ ‘ಯಾವಾಗ’ ಎಂದು ಕೇಳಿದರೆ ಹೇಳುವುದು ಖಚಿತ ಎಂದಾಯಿತು. ಮೊದಲು ‘ತಿಳಿದುಕೊಳ್ಳಲು ನಿಮಗೆ ಇಷ್ಟವಿದೆಯೇ, ಇಲ್ಲವೇ?’ ಎಂದು ಕೇಳಿ. ಹೌದು ಎಂದವರಿಗೆ ‘ಯಾವ ಹಂತದಲ್ಲಿ?’ ‘ಯಾರ ಬಾಯಿಂದ?’ ಎನ್ನುವುದನ್ನು ಬೇರೆಬೇರೆಯಾಗಿ ಕೇಳಿ.

ಎಲ್ಲಕ್ಕಿಂತ ತೊಡಕಿನದು ‘ನಿಮಗೆ ಈ ಕಾಯಿಲೆ ಬಂದರೆ’ ಎಂಬ ತುಂಡು. ಹಿರಿಯರು ಥಟ್ಟನೆ ‘ಬಿಡ್ತು ಅನ್ನಿ’ ಎನ್ನುತ್ತಾರೆ, ಮಾತು ಅಲ್ಲಿಗೆ ನಿಂತಿತು. ಅದಕ್ಕೆ ಹೆದರಿ ಅನುವಾದಕರು ‘ನಿಮ್ಮ ವಯಸ್ಸಿನ ಒಬ್ಬರಿಗೆ ಬಂದರೆ’ ಎಂದು ತಿರುಗಿಸುತ್ತಾರೆ. ಮರ್ಯಾದೆ ಉಳಿಯಿತು, ಪ್ರಶ್ನೆ ಬದಲಾಯಿತು. ಐರ್ಲೆಂಡಿನಲ್ಲಿ ಆಲ್‌ಝೈಮರ್ (ಡಿಮೆನ್ಷಿಯಾದ ಒಂದು ಬಗೆ) ಇದ್ದವರ ಮನೆಯವರಲ್ಲಿ 100 ಮಂದಿಯನ್ನು ಕೇಳಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ: ರೋಗಿಗೆ ಹೇಳುವುದು ಬೇಡ ಎಂದವರು 83, ತಮಗೇ ಬಂದರೆ ತಿಳಿಸಬೇಕು ಎಂದವರು 71. ಅಂದರೆ ‘ಒಬ್ಬರಿಗೆ’ ಎಂದು ಕೇಳಿದರೆ ಮೊದಲ ಬಗೆಯ ಉತ್ತರ ಬಂದೀತು, ನಿಮಗೆ ಬೇಕಾದದ್ದು ಎರಡನೆಯದು. ನನ್ನ ಸಲಹೆ: ‘ಹಾಗಾಗುವುದು ಬೇಡ, ಕೇಳಲೇಬೇಕಾದ್ದರಿಂದ ಕೇಳುತ್ತಿದ್ದೇವೆ’ ಎಂದು ಮುಂಚೆ ಒಂದು ಸಾಲು ಸೇರಿಸಿ, ಆಮೇಲೆ ‘ನಿಮಗೆ’ ಎಂದೇ ಕೇಳಿ.

*

ಮೇಲಿನವರು ‘ಮರೆಗುಳಿತನ’ವನ್ನು ಬಿಟ್ಟರು, ಅದಷ್ಟು ನನ್ನ ಪಾಲಿಗಿರಲಿ. ‘-ತನ’ ಹಚ್ಚಿದರೆ ಸೋಮಾರಿತನ, ಜಿಪುಣತನದ ಸಾಲಿಗೆ ಸೇರುತ್ತದೆ. ಕಾಯಿಲೆ ಹೋಗಿ ಗುಣದೋಷವಾಗುತ್ತದೆ. ‘ನಿಮಗೆ ಮರೆಗುಳಿತನ ಇದೆ’ ಎಂದರೆ ‘ಗೊತ್ತಿರೋದೇ ಅಲ್ವಾ’ ಎಂದಾರು, ತಿಳಿಸಿದಂತೆಯೇ ಆಗಲಿಲ್ಲ. ‘ಅರಳುಮರಳು’ ಕೂಡ ಹಾಗೆಯೇ, ಅರವತ್ತರ ಗಾದೆ ತಪ್ಪನ್ನೆಲ್ಲ ವಯಸ್ಸಿನ ಮೇಲೆ ಹಾಕುತ್ತದೆ. ‘ಬುದ್ಧಿಮಾಂದ್ಯ’ ಚಿಕ್ಕಂದಿನಿಂದ ಇರುವ ಬೇರೆಯೇ ಸ್ಥಿತಿ. ಪತ್ರಿಕೆಗಳು ಬೆರೆಸಿದರೂ ನೀವು ಬೆರೆಸಬೇಡಿ. ‘ಮರೆವಿನ ಕಾಯಿಲೆ’ ಇದ್ದುದರಲ್ಲಿ ಮೇಲು. ಡಿಮೆನ್ಷಿಯಾದಲ್ಲಿ ಶೇ. 60–70ರಷ್ಟು ಆಲ್‌ಝೈಮರ್ ಆದ್ದರಿಂದ ಬಹಳ ಮಂದಿಗೆ ಒಪ್ಪುತ್ತದೆ. ಆದರೆ ಮಿದುಳಿನ ಮುಂಭಾಗದಿಂದ ಶುರುವಾಗುವ ಬಗೆಯಲ್ಲಿ ನಡವಳಿಕೆ ಅಥವಾ ಮಾತು ಮೊದಲು ಕೆಡುತ್ತದೆ, ನೆನಪು ಸಾಕಷ್ಟು ಕಾಲ ನೆಟ್ಟಗಿರಬಹುದು. ಅವರಿಗೆ ಈ ಹೆಸರು ಸುಳ್ಳು.

ಜಪಾನಿನವರು ‘ಚಿಹೋ’ ಎಂಬ ಹಳೆಯ ಪದದಲ್ಲಿ ‘ಪೆದ್ದು’ ಎಂಬ ಛಾಯೆ ಇದೆಯೆಂದು 2004ರಲ್ಲಿ ಸರ್ಕಾರದ ಮಟ್ಟದಲ್ಲೇ ‘ನಿನ್‌ಚಿಶೋ’ ಎಂದು ಬದಲಾಯಿಸಿಕೊಂಡರು. ನಮ್ಮಲ್ಲಿ ಸದ್ಯಕ್ಕೆ ‘ಡಿಮೆನ್ಷಿಯಾ’ ಎಂದೇ ಇಟ್ಟು, ಕೆಳಗೆ ‘ಮಿದುಳು ಸವೆದು ನೆನಪು, ಮಾತು, ನಡವಳಿಕೆ ಕುಂದುತ್ತ ಹೋಗುವ ಕಾಯಿಲೆ’ ಎಂದು ಒಂದು ಸಾಲು ಕೊಡಿ.

ಒಂದು ಮರುಪ್ರಶ್ನೆ. ‘ಬಿಡ್ತು ಅನ್ನಿ’ ಹಳೆ ಮೈಸೂರಿನ ಕಡೆ ಸಲೀಸು. ಧಾರವಾಡ, ಕಲಬುರಗಿ, ಕರಾವಳಿಯಲ್ಲಿ ಕೆಟ್ಟ ಮಾತು ಬಾಯಿಗೆ ಬಂದಾಗ ತಡೆಯಲು ಏನೆನ್ನುತ್ತಾರೆ? ಆ ಪೀಠಿಕೆಯ ಸಾಲು ಎಲ್ಲ ಕಡೆಗೂ ಒಂದೇ ಇದ್ದರೆ ಆಗಲಾರದು.