ಸೆಣಬು ಹೂಬಿಟ್ಟರೂ ಸವತಿಗೆ ಜೇನು ಬರವಲ್ಲವು

ಪ್ರಶ್ನೆ (ಜಮಖಂಡಿ):
ನಮಸ್ಕಾರ್ರಿ. ಎರಿ ಮಣ್ಣು, 4 ಗುಂಟೆ ಸವತಿ, ಬದಿಗೆ ಹೀರಿ ಚಪ್ಪರ. ಜೇನು ಬರಲಿ ಅಂತ ಸುತ್ತ ಸೆಣಬು ಬಿತ್ತೀವಿ, 55 ದಿನ ಆತು, ತುಂಬ ಹೂ ಐತಿ. ಆದ್ರ ಸವತಿ ಮಿಡಿ ಹಳದಿಯಾಗಿ ಉದುರತಾವು, ಉಳಿದದ್ದು ಡೊಂಕ. ನೀರು ತಪ್ಪಿಲ್ಲ. ವಾರಕ್ಕೊಮ್ಮೆ ಮುಂಜಾನೆ 7ಕ್ಕ ಔಷಧ ಹೊಡೀತೀವಿ. ಸೆಣಬು ಕಿತ್ತು ಹಾಕಲೇನ್ರಿ?

ಉತ್ತರ (ಬೈಲಹೊಂಗಲ):
ಮೊದಲು ಉದುರಿದ ನಾಲ್ಕು ಮಿಡಿ ಸೀಳ್ರಿ. ಒಳಗ ಹುಳ ಇದ್ರ ಅದು ಹಣ್ಣುನೊಣದ ಕೆಲಸ. ಹುಳ ಇಲ್ಲ, ಸಣ್ಣಾದ ಕಡೆ ಬೀಜ ಜೊಳ್ಳು ಅಂದ್ರ ಪರಾಗ ಸಾಲದಾಗೇತಿ.

ಸೆಣಬಿನ ಹೂ ಸಣ್ಣ ಜೇನಿಗೆ ತೆರೆಯೂದಿಲ್ಲರಿ. ಒಂದು ಹೂ ಹರಿದು, ಕೆಳಗಿನ ದೋಣಿಯಂಥ ಎಸಳನ್ನ ಬೆರಳಿಂದ ಒತ್ತಿ ನೋಡ್ರಿ: ಅದರ ಕೊಕ್ಕಿನಂಥ ತುದಿಯಿಂದ ಪರಾಗ ಹಿಂಡಿದಂಗ ಹೊರಗ ಬರತೈತಿ. ಅಷ್ಟು ಒತ್ತೂದು ಕರೀ ಬಡಗಿ ದುಂಬಿಯಂಥ ದೊಡ್ಡವಕ್ಕ ಮಾತ್ರ ಆಗತೈತಿ. ತುಡುವಿ, ಕೋಲುಜೇನಿನಂಥ ಸಣ್ಣ ಜೇನಿಗೆ ಗುರೆಳ್ಳು, ಸಬ್ಬಸಗಿ, ಕೊತ್ತಂಬರಿ ಬೇಕು. 15 ದಿನದ ಅಂತರದಾಗ ಎರಡು ಸಲ ಬಿತ್ರಿ, ಕೊತ್ತಂಬರಿ ಸೊಪ್ಪಿಗೆ ಕೀಳದ ಹೂವಿಗೆ ಬಿಡ್ರಿ.

ಆದ್ರ ನಿಜವಾದ ತಪ್ಪು ಮುಂಜಾನೆಯ ಔಷಧ. ಸವತಿ ಹೂ ಬೆಳಕಿಗೆ ಅರಳಿ ಒಂದೇ ದಿನ ಇರತೈತಿ. 7ಕ್ಕ ಹೊಡದ್ರ ನೇರ ಅರಳಿದ ಹೂವಿನ ಮ್ಯಾಲೆ, ಮೇಯಲಿಕ್ಕೆ ಬಂದ ಜೇನಿನ ಮ್ಯಾಲೆ ಬೀಳತೈತಿ. ಎಲೆ ತಿರುವಿ ನೋಡಿ, ಹುಳ ಕಂಡ್ರಷ್ಟ ಹೊಡೀರಿ, ಅದೂ ಹೊತ್ತು ಮುಳುಗಿದ ಮ್ಯಾಲೆ. ಹೀರಿ ಚಪ್ಪರಕ್ಕ ತಾಗಿಸಬ್ಯಾಡ್ರಿ, ಅದರ ಹೂ ಅರಳೂದ ಸಂಜಿಗೆ.

ಹೊಸ ಹೂಗಿಡ ಬರೂತನಕ ಕೈಯಿಂದ ಮಾಡ್ರಿ. ಬುಡದಾಗ ಮಿಡಿ ಇಲ್ಲದ ಗಂಡು ಹೂ ಹರಿದು, ಎಸಳು ತಗದು, 9 ಗಂಟೆಯೊಳಗ ಎರಡು-ಮೂರು ಹೆಣ್ಣು ಹೂವಿನ ನಡುವ ಹಗುರಕ ಒರಸ್ರಿ. ಹೀರಿಗೆ ಸಂಜಿ 6ರ ಮ್ಯಾಲೆ.

ಉತ್ತರ (ಇಂಡಿ):
ಸೆಣಬು ಪೂರ್ತಿ ಕೀಳಬ್ಯಾಡ್ರಿ. ಹಸಿರೆಲೆ ಗೊಬ್ಬರಕ್ಕ 45 ದಿನಕ್ಕೇ ಮುರೀಬೇಕಿತ್ತು; ಈಗ ದಂಟು ನಾರಾಗ್ಯದ, ಕೊಳೀಲಿಕ್ಕೆ ತಡ. ಗೇಣಿನೊಳಗಿನ ತುಂಡು ಮಾಡಿ, ಹಸಿ ಮಣ್ಣಾಗ ಬೆರಸಿ, ಮೂರು ವಾರ ಬಿಟ್ಟು ಮುಂದಿನ ಬೀಜ ಹಾಕ್ರಿ. ಒಂದು ಸಾಲು ಹಂಗೇ ನಿಲ್ಲಸ್ರಿ. ಅದಕ್ಕ ಬರೋ ಬಡಗಿ ದುಂಬಿ ತೊಗರಿ ಹೂವಿಗೂ ಹೋಗ್ತದ. ಅದರ ಗೂಡು ಒಣ ಬಿದಿರಿನಾಗ, ಚಪ್ಪರದ ಹಳೇ ಗಳ ಸುಡಬ್ಯಾಡ್ರಿ.

ಮುಂದಿನ ಸಲ ಗುಂಟೆಗೆ 300 ಗ್ರಾಂ ಸೆಣಬು ಸಾಕು. ಕಾಲುವೆ ನೀರು ನಿಂತು ಸವಳಾದ ಮೂಲೆ ಇದ್ರ ಅಲ್ಲಿ ಸೆಣಬು ತಡಿಯೂದಿಲ್ಲ, ಡಯಾಂಚ (ಇನ್ನೊಂದು ಹಸಿರೆಲೆ ಗೊಬ್ಬರದ ಗಿಡ) ಹಾಕ್ರಿ, ಗುಂಟೆಗೆ ಅರ್ಧ ಕಿಲೋ.