ಲಿಥಿಯಂ ಮೇಲೆ ಬೆಳೆಯುವುದು ಹಾವಸೆಯೋ, ಕವಲೋ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಪಿಯುಸಿ ಮಕ್ಕಳಿಗಾಗಿ ಬ್ಯಾಟರಿಯ ಬಗ್ಗೆ ಬರೆಯುತ್ತಿದ್ದೇನೆ. ಎರಡು ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುತ್ತಾ ಕೈ ನಿಂತಿದೆ.

ಈಗಿನ ಫೋನ್ ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಆ ಗ್ರಾಫೈಟ್ ಬದಿಯೇ ಆನೋಡ್. ಗ್ರಾಫೈಟಿನ ಜಾಗದಲ್ಲಿ ಲಿಥಿಯಂ ಲೋಹವನ್ನೇ ಇಟ್ಟರೆ ಗ್ರಾಮಿಗೆ 372 ಮಿಲಿಆಂಪಿಯರ್-ಗಂಟೆ ಇರುವ ವಿದ್ಯುತ್ ಧಾರಣಶಕ್ತಿ, ಲೆಕ್ಕದ ಪ್ರಕಾರ, 3,860ಕ್ಕೆ ಏರುತ್ತದೆ. ತೊಡಕೆಂದರೆ ಲೋಹ ಸಮನಾಗಿ ಕೂರುವುದಿಲ್ಲ. ಎಲ್ಲಿ ಚೂರು ಉಬ್ಬಿದೆಯೋ ಅಲ್ಲಿಗೇ ಮತ್ತಷ್ಟು ಅಯಾನುಗಳು ಹೋಗಿ ಸೇರಿ, ಕವಲೊಡೆದು ಬೆಳೆದು, ನಡುವಿನ ತೆಳುಪರದೆಯನ್ನು ತೂರಿ ಆಚೆ ಬದಿ ಮುಟ್ಟಿದರೆ ಶಾರ್ಟ್ ಆಗುತ್ತದೆ, ಬೆಂಕಿಯೂ ಹತ್ತಬಹುದು. ಇದೇ ಡೆಂಡ್ರೈಟ್. ಗ್ರೀಕಿನಲ್ಲಿ ಡೆಂಡ್ರಾನ್ ಎಂದರೆ ಮರ.

ನಾನು ಮೊದಲು ‘ಹಾವಸೆ’ ಎಂದು ಬರೆದೆ. ಮಳೆಗಾಲದಲ್ಲಿ ಜಾರಬಾರದೆಂದು ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವ ಮನೆಯ ಮಕ್ಕಳಿಗೆ ಹಾವಸೆ ವಿವರಿಸಬೇಕಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ‘ಮಾಸಿ ಲಿಥಿಯಂ’ (mossy, ಅಂದರೆ ಹಾವಸೆಯಂಥ) ಎಂಬ ಬೇರೆಯದೇ ರೂಪ ಇದೆ: ಗೋಜಲುಗೋಜಲಾಗಿ, ಬುಡದಿಂದ ಉಕ್ಕಿ ಬೆಳೆಯುವಂಥದ್ದು. ಡೆಂಡ್ರೈಟ್ ಬೆಳೆಯುವುದು ತುದಿಯಿಂದ. ಹಾಗಾಗಿ ಹಾವಸೆಯನ್ನು ಅದಕ್ಕೇ ಬಿಟ್ಟುಕೊಟ್ಟು, ಡೆಂಡ್ರೈಟ್‌ಗೆ ‘ಕವಲುಹರಳು’ ಎನ್ನೋಣ ಅನ್ನಿಸುತ್ತದೆ. ‘ಮುಳ್ಳು’ ಎಂದರೆ ಕವಲು ಕಳೆದುಹೋಗುತ್ತದೆ. ‘ಬಿಳಲು’ ಕೆಳಕ್ಕೆ ಇಳಿಯುವಂಥದ್ದು.

ಎರಡನೆಯದು ಇನ್ನೂ ಕಷ್ಟ. ಲಿಥಿಯಂ ಲೋಹ ಬ್ಯಾಟರಿಯೊಳಗಿನ ದ್ರಾವಣಕ್ಕೆ (ಎಲೆಕ್ಟ್ರೋಲೈಟ್) ತಾಗಿದ ಕೂಡಲೇ ಎರಡೂ ವರ್ತಿಸಿ ಲೋಹದ ಮೇಲೆ ನ್ಯಾನೋಮೀಟರ್ ಲೆಕ್ಕದ ತೆಳು ಹೊದಿಕೆ ಕಟ್ಟುತ್ತದೆ. 1979ರಲ್ಲಿ ಇಮ್ಯಾನುಯೆಲ್ ಪೆಲೆಡ್ ಇದಕ್ಕೆ ‘ಎಸ್‌ಇಐ’ (ಸಾಲಿಡ್ ಎಲೆಕ್ಟ್ರೋಲೈಟ್ ಇಂಟರ್‌ಫೇಸ್, solid electrolyte interphase) ಎಂದು ಹೆಸರಿಟ್ಟರು. ‘ಪೊರೆ’ ಎಂದರೆ ತಪ್ಪಲ್ಲ, ಆದರೆ ಸಪ್ಪೆ. ‘ಕೆನೆ’ ಹಾಲಿನೊಳಗಿಂದಲೇ ಮೇಲೆ ಬರುವುದು. ನನ್ನ ಮನಸ್ಸು ‘ಹಕ್ಕಳೆ’ಯ ಕಡೆಗಿದೆ. ಗಾಯದ ಹಕ್ಕಳೆಯಂತೆ ಇದೂ ಒಳಗಿನದನ್ನು ಕಾಯುತ್ತದೆ. ಬಿರಿದರೆ ಮತ್ತೆ ಕಟ್ಟುತ್ತದೆ, ಕಟ್ಟಿದಾಗಲೆಲ್ಲ ಒಂದಿಷ್ಟು ಲಿಥಿಯಂ, ಒಂದಿಷ್ಟು ದ್ರಾವಣ ತಿನ್ನುತ್ತದೆ. ಬ್ಯಾಟರಿ ಸೊರಗುವುದು ಹೀಗೆ. ಲಿಥಿಯಂ ಆನೋಡಿನ ‘ಸ್ಥಿರೀಕರಣ’ ಎಂಬ ದೊಡ್ಡ ಮಾತಿನ ಹಿಂದಿರುವ ಕೆಲಸದಲ್ಲಿ ಬಹುಪಾಲು ಈ ಹಕ್ಕಳೆ ಬಿರಿಯದಂತೆ ನೋಡಿಕೊಳ್ಳುವುದೇ: ದ್ರಾವಣಕ್ಕೆ ಲಿಥಿಯಂ ನೈಟ್ರೇಟಿನಂಥದ್ದನ್ನು ಬೆರೆಸುವುದು, ಇಲ್ಲವೇ ಮೊದಲೇ ಗಟ್ಟಿ ಲೇಪ ಕೊಡುವುದು.

ಇನ್ನೊಂದು ಮಾತು. ಆನೋಡ್ ಎಂದರೆ ‘ಧನಾಗ್ರ’ ಎಂದು ನಾವು ಕಲಿತದ್ದು ವಿದ್ಯುದ್ವಿಭಜನೆಯ ಪಾಠದಲ್ಲಿ. ಬ್ಯಾಟರಿ ಕರೆಂಟ್ ಕೊಡುವಾಗ ಆನೋಡೇ ಋಣ ತುದಿ. ದಯವಿಟ್ಟು ಇಲ್ಲಿ ಆನೋಡ್ ಎಂದೇ ಇಟ್ಟುಕೊಳ್ಳೋಣ.

ಬಯಲುಸೀಮೆಯವರಿಗೆ, ಕರಾವಳಿಯವರಿಗೆ ‘ಹಕ್ಕಳೆ’ ತಿಳಿಯುತ್ತದೆಯೇ? ನಿಮ್ಮಲ್ಲಿ ಬೇರೆ ಮಾತಿದ್ದರೆ ತಿಳಿಸಿ.