ತೋಟದ ಮಳೆಮಾಪಕ: ಡೀಪ್ ಸ್ಲೀಪ್ ಹಾಕಿದರೂ ಆರೇ ದಿನಕ್ಕೆ ಬಂದ್

ತೋಟದಮನೆ, ತೀರ್ಥಹಳ್ಳಿ:
ಸಾಕಾಗಿ ಹೋಗಿದೆ. ಅಡಿಕೆ ತೋಟದಲ್ಲಿ ಮಳೆಮಾಪಕ ಇಟ್ಟಿದ್ದೇನೆ. ಬೋರ್ಡೋ ದ್ರಾವಣ ಹೊಡೆದ ಮೇಲೆ ಎಷ್ಟು ಮಳೆ ಬಿತ್ತು ಅಂತ ತಿಳಿಯದಿದ್ದರೆ ಕೊಳೆರೋಗದ ಲೆಕ್ಕವೇ ತಪ್ಪುತ್ತದೆ. ಮಾಪಕದ ಬೋರ್ಡ್‌ನ ಕೋಡ್ ಸರಿಯಾಗಿದೆ. ಗಂಟೆಗೊಮ್ಮೆ ಎದ್ದು ವೈಫೈನಲ್ಲಿ ಲೆಕ್ಕ ಕಳಿಸಿ, ಕರೆಂಟ್ ಉಳಿಸುವ ಡೀಪ್ ಸ್ಲೀಪ್‌ಗೆ ಹೋಗಿ ಮಲಗುತ್ತದೆ. ಆದರೂ ಆರೇ ದಿನ. ಪ್ರತಿ ಸಲ ಉಂಬಳ ಕಚ್ಚಿಸಿಕೊಂಡು ಹೋಗಿ ಸೆಲ್ ಬದಲಿಸುತ್ತಿದ್ದೇನೆ.

ಸಾಗರದವ:
ತೇವ. ಜುಲೈನಲ್ಲಿ ನಮ್ಮ ಕಡೆ ಬೆಂಕಿಕಡ್ಡಿಯೇ ಹೊತ್ತುವುದಿಲ್ಲ. ಬೋರ್ಡ್ ಮೇಲೆ ನೀರಿನ ಪಸೆ ಕೂತು ಕರೆಂಟ್ ಸೋರುತ್ತದೆ. ವಾರ್ನಿಷ್ ಹೊಡೆಯಿರಿ.

ತೋಟದಮನೆ:
ಹೊಡೆದೆ. ಸಿಲಿಕಾ ಜೆಲ್ ಪೊಟ್ಟಣವನ್ನೂ ಇಟ್ಟೆ. ಮತ್ತೆ ಆರನೇ ದಿನಕ್ಕೆ ನಿಂತಿತು.

ಸಾಗರದವ:
ಕೇಬಲ್ ಒಳಹೋಗುವ ತೂತು ಕೆಳಮುಖವಾಗಿದೆಯಾ? ತೇವವೇ ಅದು.

ಹೊಸನಗರ57:
ಸೋಲಾರ್ ಹಾಕಿ. ಹುಲಿಕಲ್ ಕಡೆ ನನ್ನ ಮೂರು ಸ್ಟೇಷನ್ ಇವೆ. 10 ವಾಟ್ ಪ್ಯಾನೆಲ್, ಹಿತ್ತಾಳೆಯ ಮಾಪಕ. ಒಂದು ಮಳೆಗಾಲವೂ ನಿಂತಿಲ್ಲ.

ಆಗುಂಬೆ ಘಾಟಿ:
ಆಷಾಢದಲ್ಲಿ, ಅಡಿಕೆ ಮರದ ಬುಡದಲ್ಲಿ ಯಾವ ಬಿಸಿಲು? ನಮ್ಮ ಆಗುಂಬೆಯಷ್ಟು ಮಳೆ ಹುಲಿಕಲ್‌ನಲ್ಲಿ ಎಲ್ಲಿದೆ?

ಹೊಸನಗರ57:
ಆಗುಂಬೆಗಿಂತ ಹುಲಿಕಲ್‌ನಲ್ಲಿ ಜಾಸ್ತಿ ಬಿದ್ದ ವರ್ಷಗಳಿವೆ. ದಾಖಲೆ ನೋಡಿ.

ಶಿವಮೊಗ್ಗ ಸೋಲ್ಡರ್:
ಮಳೆ ಜಗಳ ಆಮೇಲೆ ಮಾರಾಯ್ರೇ. ಯಾವ ಬೋರ್ಡ್? ಯಾವ ಸೆಲ್, ಯಾವ ಪಿನ್‌ಗೆ? ನಿಂತಾಗ ಸೆಲ್ ಎಷ್ಟು ವೋಲ್ಟ್ ಇತ್ತು?

ತೋಟದಮನೆ:
ಇಎಸ್‌ಪಿ32 ಡೆವ್‌ಕಿಟ್. ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್, ಎಲ್ಲರೂ ಬಳಸುವುದು ಅದನ್ನೇ ಅಂತ ಬರೆಯಲಿಲ್ಲ. 2600 ಎಂಎಎಚ್‌ನ 18650 ಲಿಥಿಯಂ ಅಯಾನ್ ಸೆಲ್, 5 ವೋಲ್ಟ್ ಪಿನ್‌ಗೆ. ನಿಂತಾಗ 3.7 ವೋಲ್ಟ್ ಇತ್ತು. ಈಗ ಸೆಲ್‌ನ ಕೆಂಪು ತಂತಿ ಬಿಚ್ಚಿ ನಡುವೆ ಮೀಟರ್ ಇಟ್ಟೆ. ಮಲಗಿದಾಗಲೂ 10.2 ಮಿಲಿಆಂಪ್!

ಶಿವಮೊಗ್ಗ ಸೋಲ್ಡರ್:
ಸಿಕ್ಕಿತು. ಆ ಚಿಪ್ ಡೀಪ್ ಸ್ಲೀಪ್‌ನಲ್ಲಿ ಸುಮಾರು 10 ಮೈಕ್ರೋಆಂಪ್ ತಿನ್ನುತ್ತದೆ. ನಿಮ್ಮದು ಸಾವಿರ ಪಟ್ಟು. ಮಲಗಿರುವುದು ಚಿಪ್ ಮಾತ್ರ, ಬೋರ್ಡ್ ಎಚ್ಚರವಾಗಿದೆ. ವೋಲ್ಟೇಜನ್ನು 3.3ಕ್ಕೆ ಇಳಿಸುವ ಎಎಂಎಸ್1117 ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿಆಂಪ್ ಎಳೆಯುತ್ತದೆ. ಉಳಿದದ್ದು ಕೆಂಪು ಎಲ್‌ಇಡಿ ಮತ್ತು ಯುಎಸ್‌ಬಿ ಚಿಪ್. ಲೆಕ್ಕಕ್ಕೆ 260 ಗಂಟೆ, ಅಂದರೆ ಹನ್ನೊಂದು ದಿನ ಬರಬೇಕು. ಆರಕ್ಕೇ ನಿಲ್ಲುವುದು ಯಾಕೆ ಅಂದರೆ, ಆ ರೆಗ್ಯುಲೇಟರ್ ತಾನೇ ಒಂದು ವೋಲ್ಟ್ ನುಂಗುತ್ತದೆ. 3.7 ಒಳಗೆ ಹೋದರೆ 2.7 ಹೊರಗೆ. ವೈಫೈ ಎಳೆದ ಕೂಡಲೇ ವೋಲ್ಟೇಜ್ ಕುಸಿದು ರೀಸೆಟ್. ಸೆಲ್‌ನಲ್ಲಿ ಚಾರ್ಜ್ ಇನ್ನೂ ಇರುತ್ತದೆ!

ಎಲ್‌ಇಡಿ, ರೆಗ್ಯುಲೇಟರ್ ಎರಡನ್ನೂ ಕೀಳಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿ, ನೇರವಾಗಿ 3.3 ಪಿನ್‌ಗೆ. ಚಾರ್ಜ್ ಮಾಡಿದ ಕೂಡಲೇ ಸಿಕ್ಕಿಸಬೇಡಿ, ಸ್ವಲ್ಪ ಹೊತ್ತು ಬಿಡಿ. 3.6 ವೋಲ್ಟ್ ದಾಟಬಾರದು. ಹಳೆಯ 18650 ಸೆಲ್ ಅಲ್ಲಿಗೆ ಕೊಟ್ಟರೆ ಚಿಪ್ ಹೋಯಿತು ಅಂತಲೇ ತಿಳಿಯಿರಿ.

ಸಾಗರದವ:
ಬಕೆಟ್‌ನ ರೀಡ್ ಸ್ವಿಚ್ ಕೂಡ ನೋಡಿ. ಮಳೆನೀರು ತುಂಬಿದಾಗ ಬಕೆಟ್ ಆಚೀಚೆ ವಾಲುತ್ತದೆ, ಅದರ ಮ್ಯಾಗ್ನೆಟ್ ಹಾದುಹೋದಾಗ ಆ ಸ್ವಿಚ್ ಕೂಡಿಕೊಂಡು ಎಣಿಸುತ್ತದೆ. ತೇವಕ್ಕೆ ಪಿವಟ್ ತುಕ್ಕು ಹಿಡಿದು ಬಕೆಟ್ ನಡುವೆ ನಿಂತರೆ, ಮ್ಯಾಗ್ನೆಟ್ ಸ್ವಿಚ್ ಎದುರೇ ಉಳಿಯುತ್ತದೆ. 10ಕೆ ಪುಲ್‌ಅಪ್ ರೆಸಿಸ್ಟರ್ (ಸ್ವಿಚ್‌ನ ತಂತಿಯನ್ನು 3.3 ವೋಲ್ಟ್‌ಗೆ ಎತ್ತಿ ಹಿಡಿಯುವಂಥದ್ದು) ಇದ್ದರೆ 0.33 ಮಿಲಿಆಂಪ್ ಸುಮ್ನೆ ಹರಿಯುತ್ತಿರುತ್ತದೆ.

ತೋಟದಮನೆ:
ಎಲ್‌ಇಡಿ, ರೆಗ್ಯುಲೇಟರ್ ಎರಡನ್ನೂ ಕಿತ್ತೆ. ಫಾಸ್ಫೇಟ್ ಸೆಲ್ ಇಲ್ಲಿ ಸಿಗಲಿಲ್ಲ, ತರಿಸುತ್ತಿದ್ದೇನೆ. ಸದ್ಯಕ್ಕೆ ಪವರ್ ಸಪ್ಲೈನಿಂದ 3.3 ಕೊಟ್ಟೆ, 0.36 ಮಿಲಿಆಂಪ್ ತೋರಿಸಿತು. ಬಕೆಟ್ಟನ್ನು ಬೆರಳಿನಿಂದ ಒಂದು ಬದಿಗೆ ತಳ್ಳಿದೆ, 0.03ಕ್ಕೆ ಇಳಿಯಿತು! ಸಾಗರದವರು ಹೇಳಿದ್ದು ಸರಿ, ಪಿವಟ್ ಕೆಂಪಗಾಗಿದೆ. ಆ ಪಿವಟ್‌ಗೆ ಯಾವ ಲೋಹದ ಪಿನ್ ಹಾಕಿದರೆ ಮಳೆಗಾಲ ತಡೆಯುತ್ತದೆ? ಯಾರಾದರೂ ಬದಲಿಸಿದ್ದೀರಾ?